ಈರುಳ್ಳಿಯ ಡಿಎನ್‌ಎ ಕಣ್ಣಿಗೆ ಕಾಣಬೇಕೆ? ಸ್ಪಿರಿಟನ್ನು ನಿಧಾನವಾಗಿ ಸುರಿಯಿರಿ

ದಾವಣಗೆರೆ, ಚಿತ್ರದುರ್ಗದ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಈ ಪ್ರಯೋಗವನ್ನು ಮಕ್ಕಳು ಉತ್ಸಾಹದಿಂದ ಆರಂಭಿಸುತ್ತಾರೆ. ಕೆಡುವುದು ಮಾತ್ರ ಕೊನೆಯ ಹಂತದಲ್ಲಿ.

ಈರುಳ್ಳಿಯನ್ನೇ ಬಳಸಿ. ಚಳ್ಳಕೆರೆ, ಹೊಸದುರ್ಗದ ಹೊಲಗಳ ಸರಕು ಸಂತೆಯಲ್ಲೇ ಸಿಗುವಾಗ, ಯಾವುದೋ ವಿಡಿಯೊ ನೋಡಿ ಸ್ಟ್ರಾಬೆರಿಗೆ ಅಲೆಯುವುದೇಕೆ?

ಒಂದು ಈರುಳ್ಳಿ ಹೆಚ್ಚಿ, ಅರ್ಧ ಲೋಟ ನೀರು ಹಾಕಿ ಮಿಕ್ಸಿಯಲ್ಲಿ ಐದಾರು ಸೆಕೆಂಡು ತಿರುಗಿಸಿ. ನುಣ್ಣಗೆ ರುಬ್ಬಿದರೆ ಡಿಎನ್‌ಎಯ ಉದ್ದನೆಯ ಎಳೆಗಳು ತುಂಡಾಗುತ್ತವೆ. ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ. ಕೋಶದ ಕೊಬ್ಬಿನ ಪೊರೆಯನ್ನು ಒಡೆಯುವುದು ಇದೇ ದ್ರವ. ಕಂಡಿಷನರ್ ಸೇರಿದ ಶಾಂಪೂ ಬೇಡವೇ ಬೇಡ. ಮಿಶ್ರಣದ ಪಾತ್ರೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಕಾಲು ಗಂಟೆ, ಐಸ್ ನೀರಿನಲ್ಲಿ ಐದು ನಿಮಿಷ ಇಟ್ಟು, ತೆಳುಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ.

ಈಗ ಅಸಲು ಕೆಲಸ. ಡಿಎನ್‌ಎ ಎಳೆಯ ಬೆನ್ನಿನುದ್ದಕ್ಕೂ ಇರುವ ಫಾಸ್ಫೇಟುಗಳು ಋಣ ವಿದ್ಯುದಾವೇಶದವು, ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ ಅಯಾನುಗಳು ಧನ ಆವೇಶದವು. ಆದರೂ ನೀರಿನಲ್ಲಿ ಇವೆರಡೂ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ನೀರಿನ ಪರಾವೈದ್ಯುತ ಸ್ಥಿರಾಂಕ ಸುಮಾರು 80. ಅದು ಆಕರ್ಷಣೆಯನ್ನು ಅಷ್ಟು ಪಟ್ಟು ಕುಗ್ಗಿಸುತ್ತದೆ. ಸ್ಪಿರಿಟ್‌ನಲ್ಲಿರುವ ಎಥನಾಲ್‌ನಲ್ಲಿ ಈ ಸಂಖ್ಯೆ ಸುಮಾರು 25. ಸ್ಪಿರಿಟ್ ತಾಗಿದ ಕಡೆ ಸೋಡಿಯಂ ಫಾಸ್ಫೇಟಿಗೆ ಅಂಟುತ್ತದೆ, ದೂಡಾಟ ನಿಲ್ಲುತ್ತದೆ, ಎಳೆಗಳು ಒಟ್ಟುಗೂಡಿ ದ್ರಾವಣದಿಂದ ಹೊರಬೀಳುತ್ತವೆ. ಉಪ್ಪು ಮರೆತವರಿಗೆ ಏನೂ ಕಾಣದಿರುವುದು ಇದಕ್ಕೇ.

ಸ್ಪಿರಿಟ್ 95 ಪ್ರತಿಶತದ್ದಿರಲಿ. ಹ್ಯಾಂಡ್ ಸ್ಯಾನಿಟೈಸರ್ ಜೆಲ್ ದುಡ್ಡು ದಂಡ. ಮುಚ್ಚಳ ಬಿಗಿಮಾಡಿ ಮೊದಲೇ ಐಸ್ ನೀರಿನಲ್ಲಿಡಿ. ಒಲೆಯ ಹತ್ತಿರ ತರಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಮೇಜಿನ ಮೇಲೆ ಇಟ್ಟದ್ದೆಲ್ಲ ಬೇಗ ಬೆಚ್ಚಗಾಗುತ್ತದೆ, ಸುರಿಯುವ ಗಳಿಗೆಯಲ್ಲಷ್ಟೇ ಹೊರತೆಗೆಯಿರಿ. ಸೋಸಿದ ರಸವಿರುವ ಗಾಜಿನ ಲೋಟವನ್ನು ಓರೆಮಾಡಿ, ಒಳಗೋಡೆಗೆ ತಾಗುವಂತೆ ಚಮಚದಿಂದ ಸ್ಪಿರಿಟನ್ನು ಸ್ವಲ್ಪ ಸ್ವಲ್ಪವೇ ಬಿಡಿ. ನೀರಿಗಿಂತ ಹಗುರವಾದ್ದರಿಂದ ಅದು ಮೇಲೆ ಬೇರೆ ಪದರವಾಗಿ ನಿಲ್ಲಬೇಕು. ಮೇಲಿನಿಂದ ಧುಮ್ಮಿಕ್ಕಿಸಿದರೆ ಎರಡೂ ಕಲಸಿಹೋಗಿ ಚೂರುಚೂರು ಬಿಳಿ ಕಸ ಮಾತ್ರ ಉಳಿಯುತ್ತದೆ. ಲೋಟ ಅಲುಗಿಸಬೇಡಿ.

ಐದು ನಿಮಿಷದಲ್ಲಿ ಪದರಗಳ ಗಡಿಯಿಂದ ಗುಳ್ಳೆಗಳ ಸಮೇತ ಬಿಳಿ ಎಳೆಗಳು ಮೇಲೇಳುತ್ತವೆ. ಗಿರಣಿಗಳ ಕಾಲದ ದಾವಣಗೆರೆಯವರಿಗೆ ಬಿಡಿಸಿದ ಹತ್ತಿಯ ನೆನಪಾದೀತು. ಅದೆಲ್ಲ ಶುದ್ಧ ಡಿಎನ್‌ಎ ಅಲ್ಲ. ಪ್ರೋಟೀನ್, ಸಸ್ಯಕೋಶದ ಗೋಡೆಯ ಅಂಟು ವಸ್ತುವಾದ ಪೆಕ್ಟಿನ್ ಕೂಡ ಸೇರಿರುತ್ತವೆ. ಒಂದು ಡಿಎನ್‌ಎ ಎಳೆಯ ದಪ್ಪ ಬರೀ 2 ನ್ಯಾನೋಮೀಟರ್, ನಾವು ನೋಡುವುದು ಲೆಕ್ಕವಿಲ್ಲದಷ್ಟು ಎಳೆಗಳ ಕಂತೆಯನ್ನು.

ಕಡ್ಡಿಗೆ ಸುತ್ತಿ ತೆಗೆದು, ಸ್ಪಿರಿಟ್ ತುಂಬಿದ ಸಣ್ಣ ಸೀಸೆಯಲ್ಲಿಡಿ. ಬಿಸಿಲಿಗಿಡಬಾರದು: ಬಿಸಿಲಿನ ನೇರಳಾತೀತ ಕಿರಣ ಡಿಎನ್‌ಎಯ ಘಟಕಗಳಲ್ಲೊಂದಾದ ಥೈಮಿನ್‌ಗಳು ಅಕ್ಕಪಕ್ಕ ಇದ್ದಲ್ಲಿ ಅವನ್ನು ಪರಸ್ಪರ ಬೆಸೆದುಬಿಡುತ್ತದೆ. ಹೊಲದಲ್ಲಿ ದುಡಿಯುವವರ ಚರ್ಮದಲ್ಲೂ ಇದೇ ಹಾನಿಯಾಗುತ್ತದೆ. ಅಲ್ಲಿ ದುರಸ್ತಿಗೆ ಕಿಣ್ವಗಳಿವೆ, ಸೀಸೆಯಲ್ಲಿಲ್ಲ.