ತಲೆನೋವಿನ ಮೂಲ ಬೆನ್ನಿನಲ್ಲಿತ್ತು: ನನ್ನ ಅನುಭವ

ಸಿಡಿಲಿನಂತೆ ಬಂದೆರಗಿದ ತಲೆನೋವು, ವಾಂತಿ, ಸೆಟೆದ ಕತ್ತು ಎಂದೊಡನೆ ವೈದ್ಯರಾದ ನಾವೆಲ್ಲರೂ ರಕ್ತಸ್ರಾವದ ಮೂಲಕ್ಕಾಗಿ ಮೆದುಳಿನ ರಕ್ತನಾಳಗಳನ್ನೇ ಜಾಲಾಡುತ್ತೇವೆ. ಅಲ್ಲಿ ಏನೂ ಸಿಗದಿದ್ದರೆ ರೋಗಿಯನ್ನು ಮನೆಗೆ ಕಳುಹಿಸುತ್ತೇವೆ. ನಾನೂ ಹಾಗೆ ಇಬ್ಬರನ್ನು ಕಳುಹಿಸಿದವನೇ. ಅವರಲ್ಲಿ 40ರ ಆಸುಪಾಸಿನ ಒಬ್ಬ ಹೆಣ್ಣುಮಗಳು ಮೂರು ವಾರಗಳ ನಂತರ ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡು, ಮೂತ್ರ ಕಟ್ಟಿದ ಸ್ಥಿತಿಯಲ್ಲಿ ಮರಳಿದರು. ಬೆನ್ನುಹುರಿಯ ಸುತ್ತ ಎರಡನೆಯ ಸಲ ರಕ್ತಸ್ರಾವವಾಗಿತ್ತು; ಮೊದಲ ಸಲ ಅಲ್ಲಿ ಸುರಿದ ರಕ್ತವೇ ಮೇಲೇರಿ ತಲೆನೋವು ತಂದಿತ್ತು. ಮೊದಲ ಸಲ ಆ ಕುಟುಂಬ ಸುರಿದ 50–60 ಸಾವಿರವೆಲ್ಲ ತಲೆಯ ಪರೀಕ್ಷೆಗಳಿಗೇ ಸಂದಿತ್ತು.

ಅಂದಿನಿಂದ, ಸೂಜಿ ಹಾಕಿ ತೆಗೆದ ಬೆನ್ನಿನ ನೀರಿನಲ್ಲಿ (ಮೆದುಳು, ಬೆನ್ನುಹುರಿಗಳ ಸುತ್ತಲಿನ ದ್ರವದಲ್ಲಿ) ರಕ್ತವಿದ್ದು ಮೆದುಳಿನ ಡಿಎಸ್‌ಎ (ಬಣ್ಣದ ಔಷಧಿ ಹಾಯಿಸಿ ರಕ್ತನಾಳಗಳನ್ನು ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆ) ನಿರ್ದೋಷವಾಗಿದ್ದರೆ ಇಡೀ ಬೆನ್ನುಹುರಿಯ ಎಂಆರ್‌ಐ ಆಗದೆ ಬಿಡುಗಡೆಯಿಲ್ಲ ಎಂದು ನಿಯಮ ಮಾಡಿಕೊಂಡೆ. ನೂರರಲ್ಲಿ ಒಂದೂ ಇರದ ಕಾಯಿಲೆಗಾಗಿ ಬಡವರಿಂದ 10 ಸಾವಿರ ಏಕೆ ಕೀಳುತ್ತೀರಿ ಎಂದು ಸಹೋದ್ಯೋಗಿಗಳು ಹಂಗಿಸಿದರು. ಮೊದಲ ಆರೇಳು ಎಂಆರ್‌ಐಗಳಲ್ಲಿ ಏನೂ ಸಿಗದಿದ್ದಾಗ ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ.

ಈ ನಡುವೆ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದ್ದೆ. ಬೆನ್ನಿನ ನೀರನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ವೇಗವಾಗಿ ತಿರುಗಿಸಿದ ಮೇಲೆ ಉಳಿಯುವ ತಿಳಿಯ ಹಳದಿಯನ್ನು, ಅಂದರೆ ಸೋರಿದ ರಕ್ತ ಒಡೆದು ಬಿಡುವ ಬಣ್ಣವನ್ನು, ಬಿಳಿ ಹಾಳೆಯ ಮುಂದೆ ನೀರಿನ ನಳಿಕೆಯೊಂದಿಗೆ ಹೋಲಿಸಿ ನೋಡುತ್ತಿದ್ದೆ. ಒಮ್ಮೆ ನಳಿಕೆಯನ್ನು ಕಿಟಕಿಯಲ್ಲಿ ಮರೆತು ಹೋಗಿ, ಬಿಸಿಲಿಗೆ ಬಣ್ಣ ಮಾಸಿ, ವರದಿಯೇ ತಪ್ಪಿತು. ಈಗ ಫಾಯಿಲ್ ಸುತ್ತಿಯೇ ಇಡುತ್ತೇನೆ. ನೋವು ಶುರುವಾಗಿ 12 ಗಂಟೆ ಕಳೆಯುವ ಮುನ್ನ ಹಳದಿಯಿಲ್ಲ ಎಂಬ ಮಾತನ್ನು ನಂಬುವುದಿಲ್ಲ.

ಫಲ ಕೊಟ್ಟದ್ದು ಮಾತ್ರ ಪ್ರಶ್ನೆಯನ್ನು ಬದಲಿಸಿದ್ದು. ತಲೆನೋವು ಎಷ್ಟಿದೆ ಎಂದು ಕೇಳುವ ಬದಲು, ಮೊಟ್ಟಮೊದಲು ಎಲ್ಲಿ ನೋವಾಯಿತು ಎಂದು ಕೇಳತೊಡಗಿದೆ. ಕಳೆದ ಮಳೆಗಾಲದಲ್ಲಿ ಬಂದ, ಅಡಿಕೆಗೆ ಔಷಧಿ ಹೊಡೆಯುವ ಯುವಕನೊಬ್ಬ, “ಬೆನ್ನಿಗೆ ಯಾರೋ ಚೂರಿ ಹಾಕಿದ ಹಾಗಾಯ್ತು ಸಾರ್, ತಲೆ ಹಿಡಿದಿದ್ದು ಆಮೇಲೆ” ಎಂದ. ಫ್ರಾನ್ಸಿನ ವೈದ್ಯ ಮಿಶೋನ್ 1928ರಲ್ಲಿ ಈ ನೋವನ್ನು ಬೆನ್ನಿಗಿಳಿದ ಬಾಕುವಿಗೆ ಹೋಲಿಸಿದ್ದು ಆ ಹುಡುಗನಿಗೆ ಗೊತ್ತಿರಲು ಸಾಧ್ಯವಿಲ್ಲ. ಅವನ ಮೆದುಳಿನ ಡಿಎಸ್‌ಎಯಲ್ಲಿ ಏನೂ ಇರಲಿಲ್ಲ. ಎಂಆರ್‌ಐಯಲ್ಲಿ ಎದೆಮಟ್ಟದ ಬೆನ್ನುಹುರಿಯ ಹಿಂದೆ ಕಪ್ಪು ಚುಕ್ಕೆಗಳ ಸಾಲಿತ್ತು, ಅವು ಉಬ್ಬಿದ ರಕ್ತನಾಳಗಳು. ಬೆನ್ನುಹುರಿಯ ಆಂಜಿಯೋಗ್ರಾಮ್‌ನಲ್ಲಿ ಫಿಸ್ಟುಲಾ (ಅಪಧಮನಿ ನೇರವಾಗಿ ಅಭಿಧಮನಿಗೆ ಕೂಡಿಕೊಂಡ ಅಸಹಜ ಜೋಡಣೆ) ಸಿಕ್ಕಿತು, ಅಂಟು ತುಂಬಿ ಮುಚ್ಚಿದರು. ಎಲ್ಲ ಸೇರಿ ಸುಮಾರು 2 ಲಕ್ಷವಾಯಿತು. ಹುಡುಗ ನಡೆದುಕೊಂಡೇ ಮನೆಗೆ ಹೋದ.

ಕತ್ತಿನಿಂದ ಸೊಂಟದವರೆಗಿನ ಎಂಆರ್‌ಐಯನ್ನು ಈಗ ಹೆಚ್ಚುಕಡಿಮೆ ಅರ್ಧ ದುಡ್ಡಿಗೆ ಮಾಡಿಸುತ್ತಿದ್ದೇನೆ. ಅದು ಹೇಗೆಂದು ಇಲ್ಲಿ ಬರೆದರೆ ನಮ್ಮ ತಂತ್ರಜ್ಞನಿಗೆ ತೊಂದರೆಯಾದೀತು. ಹಂಗಿಸಿದವರಲ್ಲೊಬ್ಬರು ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅದನ್ನೇ ವಿಚಾರಿಸಿದರು. ಅವರಿಗೂ ಹೇಳಿಲ್ಲ, ರೋಗಿಯನ್ನು ಮಾತ್ರ ಕಳುಹಿಸಿಕೊಡಿ ಎಂದೆ.