ಗೂಬೆಯ ಉಂಡೆಯಲ್ಲಿ ಎಷ್ಟು ಇಲಿ? ಎಣಿಸುವ ಸರಿಯಾದ ಬಗೆ

ಗೂಬೆ ಉಗುಳಿದ ಉಂಡೆಗಳಿಂದ ಬಿಡಿಸಿದ ಮೂಳೆಗಳು: ತಲೆಬುರುಡೆ 7, ಎಡದವಡೆ 9, ಬಲದವಡೆ 11. ಒಟ್ಟು 27 ಇಲಿ ಎಂದು ಗೆಳೆಯರೊಬ್ಬರು ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ಒಂದು ಇಲಿಗೆ ಒಂದೇ ತಲೆ, ಎರಡು ಕೆಳದವಡೆ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ಎಣಿಸುವ ಭರದಲ್ಲಿ ಮರೆತುಹೋಗುತ್ತದೆ. ಈ ತಪ್ಪನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಗೂಬೆ ಚಿಕ್ಕ ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಕೂದಲು, ಮೂಳೆಗಳು ಹೊಟ್ಟೆಯಲ್ಲೇ ಉಂಡೆಗಟ್ಟಿ, ಕೆಲವು ಗಂಟೆಗಳ ಮೇಲೆ ಬಾಯಿಂದ ಹೊರಬೀಳುತ್ತವೆ. ಇದೇ ಪೆಲೆಟ್. ಗಿಡುಗಗಳೂ ಹೀಗೆ ಉಗುಳುತ್ತವೆ, ಆದರೆ ಅವುಗಳ ಜಠರದ ಆಮ್ಲ ಇನ್ನೂ ಪ್ರಖರವಾದ್ದರಿಂದ ಮೂಳೆ ಬಹುಪಾಲು ಕರಗಿರುತ್ತದೆ. ಗೂಬೆಯ ಉಂಡೆಯಲ್ಲಿ ಹಲ್ಲು ಸಹಿತ ದವಡೆಯೇ ಸಿಗುತ್ತದೆ.

1. ಆರಿಸುವುದು. ಗೂಬೆ ಹಗಲು ಕೂರುವ ಜಾಗದ ಕೆಳಗೆ ಹುಡುಕಿ, ಗೂಡಿನೊಳಗೆ ಕೈಹಾಕಬೇಡಿ. ಮೊದಲ ದಿನ ಅಲ್ಲಿರುವುದನ್ನೆಲ್ಲ ಗುಡಿಸಿ ಬದಿಗಿಡಿ. ಅವು ಯಾವ ತಿಂಗಳವೋ ಯಾರಿಗೆ ಗೊತ್ತು? ಅಲ್ಲಿಂದಾಚೆಗೆ ಬಿದ್ದವನ್ನು ಮಾತ್ರ ದಿನಾಂಕ ಬರೆದ ಕವರಿಗೆ ಹಾಕಿ. ಗ್ಲೌಸ್, ಮಾಸ್ಕ್ ಕಡ್ಡಾಯ. ಫ್ರೀಜರ್‌ನಲ್ಲಿಟ್ಟರೆ ಕೂದಲು ತಿನ್ನುವ ಪತಂಗದ ಹುಳುಗಳು ಸಾಯುತ್ತವೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ.

2. ಬಿಡಿಸುವುದು. ಬೆಚ್ಚಗಿನ ನೀರಿನಲ್ಲಿ ನೆನೆಸಿ, ಚಿಮಟದಿಂದ ಬಿಡಿಸಿ. ಬ್ಲೀಚ್ ಸುರಿದು ಬೇಗ ಮುಗಿಸುವವರಿದ್ದಾರೆ. ಮೂಳೆ ಪುಡಿಪುಡಿಯಾಗುತ್ತದೆ, ಬೇಡ. ಜೀರುಂಡೆ ತಿನ್ನುವ ಸಣ್ಣ ಗೂಬೆಗಳ ಉಂಡೆಯನ್ನು ಮಾತ್ರ ಒಣಗಿದ್ದಾಗಲೇ ಬಿಡಿಸಿ. ನೆನೆಸಿದರೆ ರೆಕ್ಕೆಚಿಪ್ಪಿನ ಚೂರುಗಳು ನೀರಿನ ಜೊತೆ ಹೋಗಿಬಿಡುತ್ತವೆ.

3. ಎಣಿಸುವುದು. ಎಲ್ಲರೂ ಎಡವುವುದು ಇಲ್ಲೇ. ಪಕ್ಕೆಲುಬು, ಕಾಲಿನ ಮೂಳೆಗಳನ್ನು ಬದಿಗೆ ಸರಿಸಿ, ಕೆಳದವಡೆಗಳನ್ನು ಮಾತ್ರ ಮುಂದಿಟ್ಟುಕೊಳ್ಳಿ. ಮುಂದೆ ಉಳಿಯಂಥ ಬಾಚಿಹಲ್ಲು, ಆಮೇಲೆ ಖಾಲಿ ಜಾಗ, ಅದರ ಹಿಂದೆ ದವಡೆಹಲ್ಲುಗಳಿದ್ದರೆ ಇಲಿಯ ಜಾತಿ. ನಡುವೆ ಜಾಗವೇ ಇಲ್ಲದೆ ಚೂಪು ಹಲ್ಲುಗಳು ಒತ್ತೊತ್ತಾಗಿದ್ದರೆ ಉದ್ದ ಮೂತಿಯ ಸೊಂಡಿಲಿ. ಸೊಂಡಿಲಿ ಹೆಸರಿಗಷ್ಟೇ ಇಲಿ, ಅದರ ಗುಂಪೇ ಬೇರೆ. ಲೆಕ್ಕವನ್ನೂ ಬೇರೆ ಬರೆಯಿರಿ.

ಇಲಿಯ ಕೆಳದವಡೆ ಉಂಡೆಯಲ್ಲಿ ಎರಡು ಹೋಳಾಗಿರುತ್ತದೆ. ಯಾವುದು ಎಡ, ಯಾವುದು ಬಲ? ಒಂದೊಂದನ್ನೇ ಹಲ್ಲು ಮೇಲಾಗುವಂತೆ ಹಿಡಿದು, ಸ್ನಾಯು ಅಂಟುವ ಏಣು ಕಾಣುವ ಹೊರಮುಖವನ್ನು ನಿಮ್ಮ ಕಡೆ ತಿರುಗಿಸಿ. ಬಾಚಿಹಲ್ಲು ನಿಮ್ಮ ಎಡಕ್ಕೆ ಚಾಚಿದರೆ ಎಡದವಡೆ, ಬಲಕ್ಕೆ ಚಾಚಿದರೆ ಬಲದವಡೆ. ಎರಡು ಗುಡ್ಡೆ ಮಾಡಿ, ತಲೆಬುರುಡೆ ಮೂರನೆಯ ಗುಡ್ಡೆ. ಮೂರರಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದೇ ಉತ್ತರ. ಗೆಳೆಯರ 27 ಹೀಗೆ 11ಕ್ಕೆ ಇಳಿಯಿತು. ಆಮೇಲೆ ಇನ್ನೊಮ್ಮೆ ನೋಡಿದಾಗ, ಬಲದ ಯಾವ ದವಡೆಗೂ ಹೊಂದದ ಭಾರೀ ಎಡದವಡೆಯೊಂದು ಕಂಡಿತು. ಹಾಗಾಗಿ 12. ಒಂದೇ ಇಲಿಯ ಮೂಳೆಗಳು ಎರಡು ಉಂಡೆಗಳಲ್ಲಿ ಹಂಚಿಹೋಗುವುದೂ ಉಂಟು. ಅದಕ್ಕೇ ಒಂದೇ ಜಾಗದಲ್ಲಿ ಒಂದೇ ದಿನ ಸಿಕ್ಕಿದ್ದನ್ನು ಒಟ್ಟಿಗೆ ಎಣಿಸಿ.

ಉಂಡೆ ಬಿಡಿಸುವ ಆಟಿಕೆ ಕಿಟ್‌ಗಳ ಜೊತೆ ಬರುವ ಮೂಳೆಪಟ್ಟಿಯನ್ನು ನಂಬಬೇಡಿ. ಎಲ್ಲಿಯದೋ ಪ್ರಾಣಿಗಳ ಚಿತ್ರ ಇಟ್ಟುಕೊಂಡು ನಿಮ್ಮ ಉಂಡೆಗೆ ಹೊಂದಿಸುತ್ತಾ ಕೂರಬೇಕಾಗುತ್ತದೆ.

4. ತೂಕ. ಗೂಬೆಯ ಹೊಟ್ಟೆಗೆ ಎಷ್ಟು ಸೇರಿತು ಎಂದು ತಿಳಿಯಲು ತಲೆಯೆಣಿಕೆಗಿಂತ ತೂಕವೇ ಮುಖ್ಯ. 15 ಗ್ರಾಮಿನ 10 ಚಿಕ್ಕ ಇಲಿಗಳೆಂದರೆ 150 ಗ್ರಾಂ. 100 ಗ್ರಾಮಿನ 2 ದೊಡ್ಡ ಇಲಿಗಳೆಂದರೆ 200.

5. ಹೊರಗೆ ಎಷ್ಟಿದೆ? ಉಂಡೆಯೊಂದನ್ನೇ ನೋಡಿ 'ಈ ಗೂಬೆಗೆ ಹಕ್ಕಿ ಇಷ್ಟ' ಎನ್ನಬೇಡಿ. ಇಲಿ ಕಡಿಮೆಯಾದಾಗಲೂ ಹಕ್ಕಿ, ಕಪ್ಪೆ, ಕೀಟಗಳ ಪಾಲು ಏರುತ್ತದೆ. ಸುತ್ತಲಿನ ಇಲಿ ಬಿಲಗಳನ್ನು ಸಂಜೆ ಮಣ್ಣಿನಿಂದ ಮುಚ್ಚಿ, ಬೆಳಿಗ್ಗೆ ಎಷ್ಟು ತೆರೆದಿವೆ ಎಂದು ಎಣಿಸಿ; ತೆರೆದವುಗಳಲ್ಲಿ ಇಲಿಯಿದೆ ಎಂದು ಲೆಕ್ಕ. ಪ್ರತಿ ತಿಂಗಳೂ ಅವೇ ಬಿಲಗಳು ಬೇಡ, ಅಷ್ಟೇ ವಿಸ್ತೀರ್ಣದ ಅದೇ ಜಾಗ ಸಾಕು. ಅಂಟುಹಲಗೆ ಮಾತ್ರ ಇಡಲೇಬೇಡಿ: ಅಂಟಿಕೊಂಡ ಇಲಿಗೆ ಎರಗಿದ ಗೂಬೆಯೂ ಅಂಟಿಕೊಳ್ಳುತ್ತದೆ. ಇಲಿಪಾಷಾಣವೂ ಬೇಡ, ವಿಷ ತಿಂದ ಇಲಿಯಿಂದ ಅದು ಗೂಬೆಯ ಮೈಗೆ ಸೇರುತ್ತದೆ.

6. ಮರಿಗಳ ಲೆಕ್ಕಕ್ಕೆ ಜೋಡಿಸುವುದು. ಮರಿ ಹೊರಬಂದ ತಿಂಗಳ ಉಂಡೆಗಳನ್ನಷ್ಟೇ ನೋಡಿದರೆ ತಡವಾಯಿತು. ಮೊಟ್ಟೆಗೆ ಮುಂಚಿನ ವಾರಗಳಲ್ಲಿ ಗಂಡು ತಂದುಕೊಟ್ಟ ಬೇಟೆಯಿಂದಲೇ ಹೆಣ್ಣು ಮೈತುಂಬಿಕೊಳ್ಳುವುದು. ಆ ವಾರಗಳ ಕವರುಗಳನ್ನು ಮೊದಲು ತೆರೆಯಿರಿ. ಲೆಮ್ಮಿಂಗ್ (ಉತ್ತರ ಧ್ರುವದ ಕಡೆಯ ಇಲಿಯಂಥ ಪ್ರಾಣಿ) ಹೇರಳವಾದ ವರ್ಷ ಹಿಮಗೂಬೆ 7ರಿಂದ 11 ಮೊಟ್ಟೆ ಇಡಬಲ್ಲದು, ಲೆಮ್ಮಿಂಗ್ ಇಲ್ಲದ ವರ್ಷ ಗೂಡನ್ನೇ ಮಾಡದಿರಬಹುದು.

ಕಣಜ ಗೂಬೆಯದು (ಬಾರ್ನ್ ಔಲ್) ಇನ್ನೊಂದು ಬಗೆ. ಎರಡು ಮೂರು ದಿನಕ್ಕೊಂದು ಮೊಟ್ಟೆ ಇಡುತ್ತದೆ, ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂರುತ್ತದೆ. ಹಾಗಾಗಿ ಹಿರಿಯ ಮರಿಗೆ ಪುಕ್ಕ ಮೂಡುವ ಹೊತ್ತಿಗೆ ಕಿರಿಯದು ಇನ್ನೂ ಮಾಂಸದ ಮುದ್ದೆ. ಬೇಟೆ ಸಾಕಷ್ಟಿದ್ದರೆ ಎಲ್ಲವೂ ಬದುಕುತ್ತವೆ, ಮತ್ತೊಂದು ಸಲ ಮೊಟ್ಟೆ ಇಡುವುದೂ ಉಂಟು. ಕೊರತೆಯಾದರೆ ಕಿರಿಯದಕ್ಕೇ ಮೊದಲ ಪೆಟ್ಟು. ಸತ್ತ ಮರಿಯನ್ನು ಉಳಿದವು ತಿನ್ನುವುದೂ ಇದೆ. ಆದ್ದರಿಂದ ಗೂಡಿನ ನೆಲದ ಉಂಡೆಯನ್ನು, ಮರಿಗಳು ಬಿಟ್ಟುಹೋದ ಮೇಲೆ ಅನುಮತಿಯಿದ್ದು ಆರಿಸಿದರೂ, ಹೊರಗಿನದರ ಜೊತೆ ಬೆರೆಸಬೇಡಿ. ಅದರಲ್ಲಿ ಎಳೆಯ ಗೂಬೆಯ ಮೂಳೆ ಸಿಕ್ಕರೆ, ಗೂಬೆಗಳು ಬೇರೆ ಹಕ್ಕಿಗಳನ್ನು ಹಿಡಿಯುತ್ತಿವೆ ಎಂದು ಬರೆದುಕೊಂಡುಬಿಡುತ್ತೀರಿ.