ಹಂಚು ಬಿಚ್ಚಿದ ಮೇಲೆ ಸಿಕ್ಕಿದ ಲೆಕ್ಕ

ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರ ನಮ್ಮದು ಕೆಂಪುಕಲ್ಲಿನ ಹಳೆ ಮನೆ. ಮಂಗಳೂರು ಹಂಚಿನ ಮಾಡು, ಅಂದರೆ ಚಾವಣಿ. ಪಡುವಣ ಬದಿಯ ಕೋಣೆ ಪ್ರತಿ ಮಳೆಗಾಲ ಸೋರುತ್ತಿತ್ತು. ಒಡೆದ ಹಂಚು ಬದಲಿಸಿದರೂ ಅದೇ ಜಾಗದಲ್ಲಿ ನೀರು. ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಮೇಲೆ ಒಂದು ಆದಿತ್ಯವಾರ ಸುಮ್ನೆ ಏಣಿ ಹಾಕಿ ಹತ್ತಿದೆ. ಎಸ್ಟಿಮೇಟ್ ಮಾಡಿಸಿರಲಿಲ್ಲ, ಮರವನ್ನೂ ತಂದಿಟ್ಟಿರಲಿಲ್ಲ.

ಇದನ್ನು ಕೇಳಿದವರು ಬೈಯುವುದೇ ಜಾಸ್ತಿ. ಆದರೆ ಹಂಚಿನ ಮಾಡಿಗೆ ಕೆಳಗೆ ಕೂತು ಪ್ಲಾನ್ ಮಾಡುವುದು ಹೇಗೆ? ಕೋಣೆಯಿಂದ ನೋಡಿದರೆ ಪಕ್ಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ಅಡಿಭಾಗ ಮಾತ್ರ ಕಾಣುತ್ತದೆ, ಅದು ಗಟ್ಟಿಯಾಗಿಯೇ ಇತ್ತು. ಹಂಚು ತೆಗೆದರೆ ಅದರ ಬೆನ್ನು ಪೂರ್ತಿ ಗೆದ್ದಲು ತಿಂದಿತ್ತು. ಪಕ್ಕಾಸು ಬಗ್ಗಿದ್ದರಿಂದ ರೀಪು (ಹಂಚು ಕೂರುವ ಅಡ್ಡ ಪಟ್ಟಿ) ತಗ್ಗಿ, ಹಂಚುಗಳ ನಡುವಿನ ಲಾಕ್ ಬಾಯಿಬಿಟ್ಟಿತ್ತು. ಕಡಲ ಕಡೆಯಿಂದ ಗಾಳಿ ಹೊಡೆದಾಗ ಆ ಸಂದಿಯಿಂದಲೇ ನೀರು ಒಳಗೆ. ಹೊಸ ಹಂಚು ಇಟ್ಟು ಪ್ರಯೋಜನವೇನು?

ಮೊದಲೇ ತಿಳಿದಿರಬೇಕಾದದ್ದು ಒಂದಿದೆ, ಮಳೆಯ ಗಡುವು. ಪತ್ತನಾಜೆಗೆ, ಅಂದರೆ ಮೇ 24-25ರ ಹೊತ್ತಿಗೆ, ಹತ್ತು ಹನಿಯಾದರೂ ಬೀಳುತ್ತದೆ ಎಂಬ ಮಾತು ನಮ್ಮಲ್ಲಿದೆ. ಅದಕ್ಕೂ ಮೊದಲೇ ಸಂಜೆ ಗುಡುಗು ಮಳೆ ಬರುವುದುಂಟು. ಹಾಗಾಗಿ ಬೆಳಿಗ್ಗೆ ಬಿಚ್ಚಿದ್ದನ್ನು ಸಂಜೆಯೊಳಗೆ ಮುಚ್ಚುವುದು, ಅಷ್ಟೇ ಬಿಚ್ಚುವುದು ಎಂದು ಮಾಡಿಕೊಂಡೆ. ಟಾರ್ಪಾಲ್ ಪಕ್ಕದಲ್ಲೇ ಇರುತ್ತಿತ್ತು. ಮಾಡಿನ ಮೇಲೆ ಕಾಲಿಡುವಾಗ ಕೆಳಗೆ ಪಕ್ಕಾಸು ಇರುವ ಕಡೆಯೇ ಇಡಬೇಕು, ಹಂಚಿನ ಮಧ್ಯಕ್ಕಲ್ಲ.

ತಲೆ ತಿಂದದ್ದು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಹಂಚಿನ ಮೇಲೆ ಅವರವರ ಹೆಸರಿನ ಅಚ್ಚು ಇರುತ್ತದೆ. ನೋಡಲು ಎಲ್ಲ ಒಂದೇ ತರ, ಆದರೆ ಒಬ್ಬರ ಹಂಚಿನ ತೋಡು (ಪಕ್ಕದ ಹಂಚು ಸಿಕ್ಕಿಕೊಳ್ಳುವ ಗೀರು) ಇನ್ನೊಬ್ಬರದಕ್ಕೆ ಸರಿ ಕೂರುವುದಿಲ್ಲ. ನಮ್ಮ ಮಾಡಿನಲ್ಲಿ ಹಿಂದಿನ ರಿಪೇರಿಗಳಿಂದ ಮೂರ್ನಾಲ್ಕು ಬಗೆ ಸೇರಿಕೊಂಡಿತ್ತು. ಅಂಗಳದಲ್ಲಿ ಅಚ್ಚು ನೋಡಿ ಬೇರೆ ಬೇರೆ ರಾಶಿ ಹಾಕಿದೆ. ಬೆರಳಿನಿಂದ ಬಡಿದಾಗ ಖಣ್ ಎಂದದ್ದು ಉಳಿಯಿತು, ಮಂಕು ಸದ್ದಿನದು ಹೊರಗೆ. ತೋಡಿನಲ್ಲಿದ್ದ ಪಾಚಿಯನ್ನು ತಂತಿ ಬ್ರಷ್‌ನಿಂದ ತೆಗೆದೆ. ಒಂದು ಇಳಿಜಾರಿಗೆ ಒಂದೇ ಅಚ್ಚಿನದು. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಕಡಿಮೆ ಬಿದ್ದದ್ದಕ್ಕೆ ಅಂಗಡಿಗೆ ಹೋಗಲಿಲ್ಲ. ಮನೆ ಕೆಡವಿದವರ ಹತ್ತಿರ ಅದೇ ಅಚ್ಚಿನದನ್ನು ಹುಡುಕಿ ತಂದೆ. ಮಿಕ್ಕದ್ದೆಲ್ಲ ಸೌದೆ ಕೊಟ್ಟಿಗೆಗೆ ಹೋಯಿತು.

ರೀಪಿನ ಅಂತರ ಎಷ್ಟು ಎಂದು ಯಾರನ್ನೂ ಕೇಳಬೇಡಿ, ನಿಮ್ಮ ಹಂಚನ್ನೇ ಕೇಳಿ. ನೆಲದಲ್ಲಿ ಕೆಲವನ್ನು ಸಾಲಾಗಿ ಕೂಡಿಸಿ, ಒಮ್ಮೆ ಬಿಗಿಯಾಗಿ ಒತ್ತಿ, ಒಮ್ಮೆ ಎಳೆದು ಅಳೆಯುವುದು. ನಡುವಿನ ಅಳತೆಗೆ ಒಂದು ಕೋಲು ಕತ್ತರಿಸಿಕೊಂಡರೆ ಪ್ರತಿ ಸಾಲಿಗೂ ಅದೇ ಸಾಕು. ನಾನು ಕೊಂಡ ರೀಪುಗಳಲ್ಲಿ ದಪ್ಪ ಒಂದೇ ಸಮ ಇರಲಿಲ್ಲ. ಆಚಾರಿ ಗೊಣಗುತ್ತಲೇ ಕೀಸುಳಿ ಹಾಕಿ ಕೊಟ್ಟರು. ಪಕ್ಕಾಸು ಬದಲಿಸಿದ್ದೂ ಅವರೇ, ಅದು ನನ್ನ ಕೈಯಿಂದ ಆಗುವ ಕೆಲಸವಲ್ಲ.

ಮರಕ್ಕೆ ಗೇರು ಎಣ್ಣೆ ಬಳಿದೆ, ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ಗೆದ್ದಲಿಗೆ ಊರಿನ ಹಳೆ ಮದ್ದು ಇದು. ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಬರುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿ, ಮೇಲೆ ಗ್ಲೌಸ್ ಹಾಕಿಯೇ ಮುಟ್ಟಬೇಕು. ಮೊಳೆ ಸತು ಲೇಪಿಸಿದ್ದೇ ಆಗಲಿ. ನಮ್ಮ ಉಪ್ಪು ಗಾಳಿಗೆ ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತದೆ.

ಹಂಚು ಹೊದಿಸುವುದು ಕೆಳಗಿನ ಸಾಲಿನಿಂದ ಮೇಲಕ್ಕೆ. ಹೇಗೂ ಬಿಚ್ಚಿದ್ದಾಗಿತ್ತಲ್ಲ, ಕತ್ತಲೆ ಮೂಲೆಗೆ ಒಂದು ಗಾಜಿನ ಹಂಚನ್ನೂ ಸೇರಿಸಿದೆ. ಪಟ್ಟಿಯಲ್ಲಿ ಇರಲಿಲ್ಲ ಎನ್ನೋಣವೆಂದರೆ ಪಟ್ಟಿಯೇ ಇರಲಿಲ್ಲ! ಮಾಡಿನ ನೆತ್ತಿಯ ಹಂಚನ್ನು ಗಾರೆಯಲ್ಲಿ ಕೂರಿಸಬೇಕು, ಅದಕ್ಕೆ ಮೇಸ್ತ್ರಿಯನ್ನು ಕರೆದೆ. ಏಪ್ರಿಲ್-ಮೇ ಬಿಸಿಲಿಗೆ ಆ ಗಾರೆ ಬೇಗ ಒಣಗಿ ಬಿರುಕು ಬಿಡುತ್ತದೆ. ಹಾಗಾಗಿ ಅದರ ಮೇಲೆ ಒದ್ದೆ ಗೋಣಿ ಹೊದಿಸಿ, ಒಂದು ವಾರ ಬೆಳಿಗ್ಗೆ ಸಂಜೆ ನೀರು ಹಾಕಿದೆವು.